ಆ ಕ್ಲಬ್ ಪ್ರಿನ್ಸ್ ಕಟ್ಟಿಸಿದ್ದಾ?

ಅಮೆರಿಕದ ಮಿನಿಯಾಪೊಲಿಸ್‌ಗೆ ನೆಂಟರು ಬಂದಾಗ ಫಸ್ಟ್ ಅವೆನ್ಯೂ ಎಂಬ ಸಂಗೀತ ಕ್ಲಬ್ಬಿನ ಮುಂದೆ ಕಾರು ನಿಧಾನ ಮಾಡುತ್ತೇನೆ. ತಕ್ಷಣ ಪ್ರಶ್ನೆ: "ಇದು ಪ್ರಿನ್ಸ್ ಕಟ್ಟಿಸಿದ ಕ್ಲಬ್ ಅಲ್ವಾ?"

ಅಲ್ಲ. ಪ್ರಿನ್ಸ್ ಅಂದರೆ ಈ ಊರಿನ ಹೆಸರಾಂತ ಪಾಪ್ ಗಾಯಕ. ಕ್ಲಬ್ ಶುರುವಾದಾಗ ಅವನಿಗೆ ಇನ್ನೂ 11 ವರ್ಷ.

ಇದು ಮೊದಲು ಬಸ್ ನಿಲ್ದಾಣ. 1937ರಲ್ಲಿ ಗ್ರೇಹೌಂಡ್ ಬಸ್ಸುಗಳಿಗೆ ಕಟ್ಟಿದ್ದು. ಮೂಲೆಗೆ ಬಂದಾಗ ಗೋಡೆ ಚೂಪಾಗದೆ ದುಂಡಗೆ ತಿರುಗುತ್ತದೆ ನೋಡಿ, ಅದು ಆ ಕಾಲದ ಶೋಕಿ. ಈಗ ಕಪ್ಪಗಿರುವ ಗೋಡೆ ಆಗ ನೀಲಿ ಹೊಳಪಿನ ಇಟ್ಟಿಗೆಯದು. ಒಳಗೆ ಚೌಕಳಿ ನೆಲ, ಟೆಲಿಫೋನು, ಪ್ರಯಾಣಿಕರಿಗೆ ಸ್ನಾನದ ಕೋಣೆ, ಏಸಿ ಕೂಡ! 1968ರಲ್ಲಿ ಬಸ್ಸುಗಳು ಬೇರೆ ಕಡೆ ಹೋದವು. ಕಟ್ಟಡ ಖಾಲಿ ಬಿತ್ತು.

ಯೋಚನೆ ಮಾಡಿದರೆ, ನೂರಾರು ಜನ ಬಸ್ಸಿಗೆ ಕಾಯಲು ಏನು ಬೇಕೋ, ಹಾಡು ಕೇಳಲೂ ಹೆಚ್ಚುಕಡಿಮೆ ಅದೇ ಬೇಕು. ದೊಡ್ಡ ಹಜಾರ, ಸಾಕಷ್ಟು ಶೌಚಾಲಯ, ಊರಿಗೆಲ್ಲ ಗೊತ್ತಿರುವ ವಿಳಾಸ. ಡ್ಯಾನಿ ಸ್ಟೀವನ್ಸ್ ಎಂಬ ಸ್ಥಳೀಯ ಗಾಯಕನಿಗೆ ಇಲ್ಲಿ ರಾಕ್ ಕ್ಲಬ್ ಮಾಡುವ ಆಸೆ. ದುಡ್ಡು ಹಾಕಿದ್ದು ಅಲನ್ ಫಿಂಗರ್‌ಹಟ್. 1970ರ ಏಪ್ರಿಲ್ 3ರಂದು ಇಂಗ್ಲಿಷ್ ರಾಕ್ ಗಾಯಕ ಜೋ ಕಾಕರ್ ಹಾಡಿನೊಂದಿಗೆ ಬಾಗಿಲು ತೆರೆಯಿತು. ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 'ದಿ ಡಿಪೋ' ಅಂತಲೇ ಇಟ್ಟರು. ಮರುವರ್ಷವೇ ಮುಚ್ಚಿತು.

ಮುಂದಿನದನ್ನು ರಾಕ್ ಅಭಿಮಾನಿಗಳು ಸುಮ್ನೆ ಹಾರಿಸಿಬಿಡುತ್ತಾರೆ. 1972ರಲ್ಲಿ ಹೊರಗಿನ ಕಂಪನಿಯೊಂದು ಬಂದು 'ಅಂಕಲ್ ಸ್ಯಾಮ್ಸ್' ಎಂಬ ಡಿಸ್ಕೊ ಮಾಡಿತು. ಬ್ಯಾಂಡ್ ಹೋಯಿತು, ರೆಕಾರ್ಡ್ ಬಂತು, ಬಣ್ಣದ ದೀಪ ಬಂತು. ಮೂಗು ಮುರಿಯುವವರು ಮುರಿಯಲಿ. ಆ ಕುಣಿಯುವ ಜನ ಬರದಿದ್ದರೆ ಈ ಜಾಗ ಉಳಿಯುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ದಶಕದ ಕೊನೆಗೆ ಡಿಸ್ಕೊ ಜೋರು ಇಳಿಯಿತು, ಕಂಪನಿ ಕೈಬಿಟ್ಟಿತು. ಅಲ್ಲೇ ಕೆಲಸ ಮಾಡುತ್ತಿದ್ದ ಸ್ಟೀವ್ ಮೆಕ್‌ಕ್ಲೆಲನ್ ನಡೆಸಲು ನಿಂತ. ದೂರದ ಊರಲ್ಲಿ ಕೂತು ಇಲ್ಲಿ ಏನು ಹಾಕಬೇಕು ಅಂತ ಹೇಳುವವರು ಇನ್ನಿರಲಿಲ್ಲ. ಸ್ವತಂತ್ರ ಕ್ಲಬ್ ಅಂತ ನಾನು ಹೇಳುವುದು ಇಲ್ಲಿಂದ. 1980ರಲ್ಲಿ ಹೆಸರು ಬರೀ 'ಸ್ಯಾಮ್ಸ್' ಆಯಿತು. ಅದೇ ವರ್ಷ ಪಕ್ಕದಲ್ಲಿ 'ಸೆವೆಂತ್ ಸ್ಟ್ರೀಟ್ ಎಂಟ್ರಿ' ಎಂಬ ಪುಟ್ಟ ಕೋಣೆ ತೆರೆದರು. ಸುಮಾರು 250 ಜನ ಹಿಡಿಸುತ್ತಾರೆ, ಅಷ್ಟೇ. ಯಾರೂ ಹೆಸರು ಕೇಳಿರದ ಬ್ಯಾಂಡಿಗೆ ಅಂಥ ಕೋಣೆಯೇ ವಾಸಿ. ಐವತ್ತು ಜನ ಬಂದರೂ ಖಾಲಿ ಅನ್ನಿಸುವುದಿಲ್ಲ. 1981ರ ಕೊನೆಯ ರಾತ್ರಿ ದೊಡ್ಡ ಹಜಾರಕ್ಕೆ 'ಫಸ್ಟ್ ಅವೆನ್ಯೂ' ಎಂಬ ಹೆಸರು ಬಂತು.

ಪ್ರಿನ್ಸ್ ಇಲ್ಲಿ ಮೊದಲು ಹಾಡಿದ್ದು ಅದೇ 1981ರಲ್ಲಿ. 1983ರ ಆಗಸ್ಟ್ 3ರಂದು ಇದೇ ವೇದಿಕೆಯಲ್ಲಿ ಹಾಡಿದ 'ಪರ್ಪಲ್ ರೇನ್' ಹಾಡು ಅದೇ ಹೆಸರಿನ ಆಲ್ಬಮ್ಮಿಗೂ ಹೋಯಿತು. ಅದೇ ಹೆಸರಿನ ಅವನ ಸಿನಿಮಾದಲ್ಲೂ ಈ ಕ್ಲಬ್ಬೇ ಕಾಣಿಸಿತು. ಗೊಂದಲ ಹುಟ್ಟಿದ್ದು ಅಲ್ಲಿಂದ.

ಇಷ್ಟು ಹೇಳುವಷ್ಟರಲ್ಲಿ ನೆಂಟರು ಕಾರಿನಿಂದ ಇಳಿದು, ಗೋಡೆಯ ಮೇಲೆ ಇಲ್ಲಿ ಹಾಡಿದವರ ಹೆಸರು ಬರೆದ ನಕ್ಷತ್ರಗಳ ನಡುವೆ ಪ್ರಿನ್ಸ್ ಹೆಸರಿನ ಚಿನ್ನದ ನಕ್ಷತ್ರ ಹುಡುಕುತ್ತಿರುತ್ತಾರೆ.