ಹೊಂಡದ ಪೂರ್ವದ ಗೋಡೆ

ಭಾನುವಾರ, 11 ಮೇ 2025
ಸಖರಾಯಪಟ್ಟಣದ ಹತ್ತಿರ, ಚಿಕ್ಕಮಗಳೂರು ಜಿಲ್ಲೆ

ಕೃಷಿಹೊಂಡದ ಕೆಲಸ ಇವತ್ತು ಮುಗಿಯಬೇಕಿತ್ತು. ಮುಗಿಯಲಿಲ್ಲ. ನಿಲ್ಲಿಸಿದ್ದು ನಾನೇ.

ಶುಕ್ರವಾರ ಸಂಜೆ ಹೊತ್ತಿಗೆ ಜೆಸಿಬಿ ಎಂಟಡಿ ಇಳಿದಿತ್ತು. ಇಳಿಬಿಸಿಲು ಪೂರ್ವದ ಗೋಡೆ ಮೇಲೆ ಬಿದ್ದಾಗ ಮಣ್ಣೆಲ್ಲ ಪಟ್ಟೆ ಪಟ್ಟೆಯಾಗಿ ಕಂಡಿತು. ಮೇಲೆ ಒಂದೂವರೆ ಅಡಿ ಗೋಡು. ಅದು ಅಜ್ಜ ಕೆರೆಯಿಂದ ಎತ್ತಿನ ಗಾಡಿಯಲ್ಲಿ ಹೊಡೆಸಿದ್ದು. ಅದರ ಕೆಳಗೆ ಎರೆಮಣ್ಣು. ಎರೆಯ ಬುಡದಲ್ಲಿ ಬಿಳಿ ಸುಣ್ಣದ ಹರಳುಗಳು, ಅವರೆಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗೆ. ಆಮೇಲೆ ಒಂದು ಗೇಣು ಗರಸು. ಗರಸಿನ ಕೆಳಗೆ ಕೆಮ್ಮಣ್ಣು.

ಆ ಕೆಮ್ಮಣ್ಣಿನಲ್ಲಿ ಬೇರು ಇಳಿದ ಗುರುತು ಇತ್ತು. ಬೇರಿಲ್ಲ, ಬೇರಿದ್ದ ಜಾಗ ಮಾತ್ರ, ಪೆನ್ಸಿಲ್ ದಪ್ಪದ ಬೂದುಬಣ್ಣದ ಗೆರೆಗಳು. ಒಂದೂ ಗರಸನ್ನು ದಾಟಿ ಮೇಲಿನಿಂದ ಬಂದಿರಲಿಲ್ಲ. ಎಲ್ಲವೂ ಗರಸಿನ ಕೆಳಗೇ ಶುರು. ಅಂದರೆ ಅದು ಯಾವುದೋ ಕಾಲದ ನೆಲ. ಬಿಸಿಲು ಕಂಡ ನೆಲ, ಗಿಡ ಬೆಳೆದ ನೆಲ. ಆಮೇಲೆ ಹೂತು ಹೋಗಿದೆ.

ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿರುವ ಅಕ್ಕನ ಮಗಳಿಗೆ ಫೋಟೊ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. "ಮಾವ, ಆ ಗೋಡೆ ಮುಟ್ಟಿಸಬೇಡಿ. ನಾಳೆ ಮೊದಲನೇ ಬಸ್ಸಿಗೇ ಬರ್ತೀನಿ."

ಬಂದಳು. ನಿನ್ನೆ ಇಡೀ ದಿನ ಹೊಂಡ ಬಿಟ್ಟು ಮೇಲೆ ಬಂದಿದ್ದೇ ಊಟಕ್ಕೆ.

ಮೊದಲು ಮಾಡಿದ್ದು ನಿಂಬೆಹಣ್ಣು ಕೇಳಿದ್ದು. ಒಂದು ಹರಳನ್ನು ಒಡೆದು, ಒಡೆದ ಮೈ ಮೇಲೆ ನಾಲ್ಕು ಹನಿ ಹಿಂಡಿದಳು. ಸಣ್ಣಗೆ ನೊರೆ ಬಂತು. ಕಿವಿ ಹತ್ತಿರ ಹಿಡಿದರೆ ಚುಸ್ ಅನ್ನುವ ಸದ್ದು. ಸುಣ್ಣವೇ. ಮಳೆ ನೀರು ಮೇಲಿನ ಸುಣ್ಣವನ್ನು ಕರಗಿಸಿ ಕೆಳಗೆ ಒಯ್ಯುತ್ತದೆ. ನೀರು ಎಲ್ಲಿ ಆರುತ್ತದೋ ಅಲ್ಲಿ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ಮಳೆ ಜಾಸ್ತಿ ಆದಷ್ಟೂ ಹರಳು ಆಳಕ್ಕೆ ಇಳಿಯುತ್ತದೆ. ತೀರಾ ಜಾಸ್ತಿಯಾದರೆ ಸುಣ್ಣವೇ ತೊಳೆದು ಹೋಗುತ್ತದೆ. ಮೂಡಿಗೆರೆ ಕಡೆ ಕಾಫಿ ತೋಟದವರು ಕಾಸು ಕೊಟ್ಟು ಸುಣ್ಣ ತಂದು ಹಾಕುತ್ತಾರಲ್ಲ, ಅದು ಇದಕ್ಕೇ. ನಮ್ಮ ಕಡೆ ಬಾಬಾಬುಡನ್ ಗಿರಿಯ ಮಳೆ ನೆರಳು, ಬೆಟ್ಟ ತಡೆದು ಮಳೆ ಕಡಿಮೆ. ಹಾಗಾಗಿ ಹರಳು ಉಳಿದಿದೆ.

ಹರಳಿನೊಳಗೆ ಇನ್ನೂ ಒಂದು ವಿಷಯ ಇದೆ. ಅದರ ಇಂಗಾಲ ಬಂದಿದ್ದು ಹೆಚ್ಚಾಗಿ ಬೇರುಗಳು ಬಿಟ್ಟ ಉಸಿರಿನಿಂದ. ರಾಗಿ, ಜೋಳ, ಬಿಸಿಲು ಸೀಮೆಯ ಹುಲ್ಲು ಒಂದು ಗುಂಪು. ಮರಗಳು, ಭತ್ತ, ಕಾಫಿ ಇನ್ನೊಂದು ಗುಂಪು. ಇಂಗಾಲದಲ್ಲಿ 12 ತೂಕದ್ದೂ ಇದೆ, 13 ತೂಕದ್ದೂ ಇದೆ. ರಾಗಿ ಗುಂಪಿನಲ್ಲಿ 13ರ ಪಾಲು ಸ್ವಲ್ಪ ಜಾಸ್ತಿ. ಹರಳನ್ನು ಯಂತ್ರದಲ್ಲಿ ಅಳೆದರೆ ಆಗ ಇಲ್ಲಿದ್ದದ್ದು ಹುಲ್ಲುಗಾವಲೋ ಕಾಡೋ ಅಂತ ಹೇಳಬಹುದಂತೆ. ನಮ್ಮ ಜಿಲ್ಲೆಯೇ ಅರ್ಧ ರಾಗಿ, ಅರ್ಧ ಕಾಫಿ. ಇಷ್ಟು ವರ್ಷ ಈ ಮಣ್ಣು ಉತ್ತವನು ನಾನು. ಇದು ಗೊತ್ತಿರಲಿಲ್ಲ.

ನೀಲಗಿರಿಯ ಜೌಗು ಮಣ್ಣಿನಲ್ಲಿ ಇದೇ ಲೆಕ್ಕ ಹಾಕಿ, ಸುಮಾರು 20,000 ವರ್ಷದ ಮುಂಗಾರಿನ ಕಥೆ ಓದಿದ್ದಾರೆ. 1993ರಲ್ಲೇ ಅದು ಪ್ರಕಟವಾಗಿದೆ. ಹಿಮಯುಗದ ಗಟ್ಟಿ ಚಳಿಯ ಕಾಲದಲ್ಲಿ ಮುಂಗಾರು ಸೊರಗಿತ್ತು, ಆ ಮಣ್ಣಲ್ಲಿ ಸಿಕ್ಕಿದ್ದು ಒಣ ಸೀಮೆಯ ಹುಲ್ಲಿನ ಗುರುತು.

"ಹಾಗಾದ್ರೆ ನಮ್ಮ ಕೆಮ್ಮಣ್ಣಿನ ಮೇಲೆ ಕಾಡಿತ್ತಾ?" ಅಂದೆ.

"ಅವಸರ ಬೇಡ ಮಾವ. ಮೇಲಿನ ಎರೆಯ ಸುಣ್ಣ ಆಮೇಲೆ ಕೆಳಕ್ಕೂ ಇಳಿದಿರಬಹುದು. ಯಾವ ಹರಳು ಯಾವ ನೆಲದ್ದು ಅಂತ ಮೊದಲು ಬಿಡಿಸಬೇಕು."

ಅವಳ ಈ ಮಾತು ನನಗೆ ತುಂಬಾ ಹಿಡಿಸಿತು. ನಾನಾಗಿದ್ದರೆ ಆಗಲೇ ಊರಿಗೆಲ್ಲ ಕಾಡಿನ ಕಥೆ ಹೇಳಿಬಿಡುತ್ತಿದ್ದೆ.

ಎರೆಯಿಂದ ಒಂದು ಹೆಂಟೆ ಕಿತ್ತು ನನ್ನ ಕೈಗೆ ಕೊಟ್ಟಳು. ಒಂದು ಮಗ್ಗುಲು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಓರೆಯಾಗಿ ಗೀರು ಬಿದ್ದಿತ್ತು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಮಣ್ಣು ಮಣ್ಣಿಗೇ ಉಜ್ಜಿಕೊಂಡು ಬಂದ ಹೊಳಪು. ಒಂದಷ್ಟು ತಿಂಗಳು ಮಳೆ, ಉಳಿದದ್ದು ಒಣಗು. ಇಂಥ ಹೊಳಪು ಹಳೇ ಮಣ್ಣಲ್ಲಿ ಸಿಕ್ಕರೂ ಅಲ್ಲಿನ ಹವೆ ಹೀಗಿತ್ತು ಅಂತ ಅರ್ಥ.

ನಿನ್ನೆ ಕತ್ತಲಾದ ಮೇಲೆ ಕಪ್ಪು ಬಟ್ಟೆ ಮುಚ್ಚಿಕೊಂಡು ಗೋಡೆಗೆ ಎರಡು ಕಬ್ಬಿಣದ ಕೊಳವೆ ಬಡಿದೆವು. ಒಳಗಿನ ಮರಳು ಕೊನೆಯ ಸಲ ಬಿಸಿಲು ಕಂಡಿದ್ದು ಯಾವಾಗ ಅಂತ ಅಳೆಯಬಹುದಂತೆ. ಬೆಳಕು ತಾಗಿದರೆ ಲೆಕ್ಕ ಅಳಿಸಿ ಹೋಗುತ್ತದೆ. ಕೊಳವೆಯ ಎರಡೂ ಬಾಯಿ ಬಿಗಿಯುವಾಗ ಉಸಿರು ಬಿಗಿಹಿಡಿದಿದ್ದೆ.

ಇವತ್ತು ಬೆಳಿಗ್ಗೆ ಚಿಕ್ಕಮಗಳೂರಿಗೆ ಹೋದಾಗ ಕರ್ತಿಕೆರೆ ಹೆಸರು ಎತ್ತಿದಳು. ಬಾಬಾಬುಡನ್ ಬೆಟ್ಟಸಾಲಿನ ತಳದಲ್ಲಿ ಅಲ್ಲಿ ಬೆಣಚುಕಲ್ಲಿನ ಉರುಟು ಚೂರುಗಳು ಅಂಟಿಕೊಂಡ ಬಂಡೆ ಇದೆ. 270 ಕೋಟಿ ವರ್ಷಕ್ಕೂ ಹಳೆಯದು. ಅದರೊಳಗೆ ಹೊಳೆಯಲ್ಲಿ ಉರುಳಿ ಬಂದ ಪೈರೈಟ್, ಅಂದರೆ ಕಬ್ಬಿಣ ಗಂಧಕ ಸೇರಿದ ಖನಿಜದ ಕಾಳುಗಳಿವೆ. ಈಗಿನ ಗಾಳಿಯಲ್ಲಿ ಪೈರೈಟ್ ಹೊಳೆಗೆ ಬಿದ್ದರೆ ತುಕ್ಕು ಹಿಡಿದು ಕರಗುತ್ತದೆ. ಆಗ ಕರಗಿಲ್ಲ ಅಂದರೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ. ಅಷ್ಟು ಹಳೇ ಕಾಲದ ಮಣ್ಣುಗಳಲ್ಲಿ ಕಬ್ಬಿಣ ನೀರಿನ ಜೊತೆ ತೊಳೆದು ಹೋಗಿರುತ್ತದೆ. ಸುಮಾರು 240 ಕೋಟಿ ವರ್ಷದ ಹಿಂದೆ ಆಮ್ಲಜನಕ ಏರಿದ ಮೇಲೆ ಕಬ್ಬಿಣ ಮಣ್ಣಿನಲ್ಲೇ ತುಕ್ಕಾಗಿ ನಿಂತಿತು. ಮಣ್ಣು ಕೆಂಪಾಗತೊಡಗಿದ್ದೇ ಆಮೇಲೆ. ನಮ್ಮ ಕೆಮ್ಮಣ್ಣಿನ ಕೆಂಪೂ ಗಾಳಿ ಕೊಟ್ಟಿದ್ದೇ ಅಲ್ವಾ!

ಸಂಜೆ ಅವಳನ್ನು ಬಸ್ಸು ಹತ್ತಿಸಿದೆ. ಬ್ಯಾಗಿನ ತುಂಬಾ ಪೇಪರಿನಲ್ಲಿ ಸುತ್ತಿದ ಮಣ್ಣು, ಪ್ರತಿ ಪೊಟ್ಟಣದ ಮೇಲೂ ಯಾವ ಕಡೆ ಮೇಲು ಅಂತ ಬಾಣದ ಗುರುತು.

ಜೆಸಿಬಿ ಹುಡುಗನಿಗೆ ಹೇಳಿದ್ದೀನಿ. ಹೊಂಡ ಪಶ್ಚಿಮಕ್ಕೆ ಬೆಳೆಯಲಿ. ಪೂರ್ವದಲ್ಲಿ ಆರಡಿ ಬಿಟ್ಟು ಒಳಗೆ ಹೊಸ ಏರಿ ಕಟ್ಟೋಣ. ನೀರು ಸ್ವಲ್ಪ ಕಡಿಮೆ ಹಿಡಿಯುತ್ತದೆ, ಹಿಡಿಯಲಿ. ಈಗ ಗಿರಿ ಕಡೆ ಮಿಂಚುತ್ತಿದೆ. ಗೋಡೆಗೆ ಟಾರ್ಪಾಲ್ ಇಳಿಬಿಟ್ಟು, ಮೇಲೆ ಕಲ್ಲು ಹೇರಿ ಬಂದೆ.