ಎಚ್‌ಒಡಿ ಸಹಿ ಇದ್ದರೆ ಸಾಲದು

ತಲಪಾಡಿ ದಾಟಿ ಮಂಗಳೂರಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞ ತರಬೇತಿಗೆ) ಅರ್ಜಿ ಹಾಕುವ ನಮ್ಮ ಕಾಸರಗೋಡಿನ ಮಕ್ಕಳು ಶಿಫಾರಸು ಪತ್ರಕ್ಕಾಗಿ ಮೊದಲು ಓಡುವುದು ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಹತ್ತಿರ. 'ಶ್ರಮಜೀವಿ, ಪ್ರಾಮಾಣಿಕ, ಸನ್ನಡತೆಯವನು' ಎಂದು ನಾಲ್ಕು ಸಾಲು ಬರುತ್ತದೆ. ಅದು ನಡತೆ ಸರ್ಟಿಫಿಕೇಟು, ಶಿಫಾರಸು ಪತ್ರವಲ್ಲ. ವಾರ್ಡಿನಲ್ಲಿ ನಿಮ್ಮನ್ನು ದಿನಾ ನೋಡಿದ ಅಸಿಸ್ಟೆಂಟ್ ಪ್ರೊಫೆಸರ್ ಬರೆದದ್ದೇ ಮೇಲು: ಎಷ್ಟು ವಾರ, ಯಾವ ವಾರ್ಡು, ಯಾವ ರೋಗಿಯ ವಿಷಯದಲ್ಲಿ ಏನು ಯೋಚಿಸಿದಿರಿ. ಅಮೆರಿಕದ ಆಸ್ಪತ್ರೆಯಿಂದ ಪತ್ರ ತಂದಿದ್ದರೆ, ಅಲ್ಲಿ ಕೈಯಾರೆ ಕೆಲಸ ಮಾಡಿದ್ದೋ, ಬರೇ ನೋಡಿದ್ದೋ ಎಂಬುದೂ ಸ್ಪಷ್ಟವಿರಲಿ.

ರೆಸಿಡೆನ್ಸಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ ಇರಾಸ್‌ನಲ್ಲಿ (ERAS) ಒಂದು ಪ್ರೋಗ್ರಾಮಿಗೆ, ಅಂದರೆ ಒಂದು ಆಸ್ಪತ್ರೆಯ ಒಂದು ವಿಭಾಗದ ತರಬೇತಿಗೆ, ಗರಿಷ್ಠ 4 ಪತ್ರ. ಪತ್ರ ಬರೆಯುವವರ ಹೆಸರು, ಹುದ್ದೆ ತುಂಬಿ, ಪತ್ರ ಓದುವ ಹಕ್ಕು ಬಿಟ್ಟುಕೊಟ್ಟಿದ್ದೇನೆಂದು ಗುರುತು ಹಾಕಿ. ಹಾಕದಿದ್ದರೆ ಪತ್ರಕ್ಕೆ ಬೆಲೆ ಕಡಿಮೆ. ಆಮೇಲೆ ಸಿಗುವ ರಿಕ್ವೆಸ್ಟ್ ಫಾರ್ಮಿನಲ್ಲಿ ಲೆಟರ್ ಐಡಿ ಇರುತ್ತದೆ. ಅದನ್ನು ಸರ್‌ಗೆ ಕಳಿಸಿ. ಅಪ್‌ಲೋಡ್ ಅವರೋ ಅವರು ಹೇಳಿದವರೋ ಮಾಡಬೇಕು, ನೀವಲ್ಲ.

ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಎರಡಕ್ಕೂ ಒಬ್ಬರೇ ಬೇರೆ ಬೇರೆ ಪತ್ರ ಬರೆದರೆ ಐಡಿಯೂ ಎರಡು. ಅದಲುಬದಲಾದರೆ ನಿಮಗೆ ಕಾಣುವುದಿಲ್ಲ, ಪತ್ರ ತೆರೆದು ನೋಡುವ ಹಕ್ಕು ಬಿಟ್ಟಾಗಿದೆಯಲ್ಲ! ಹಾಗಾಗಿ ಫಾರ್ಮ್ ಕಳಿಸುವ ಮೇಲ್‌ನಲ್ಲೇ ವಿಭಾಗದ ಹೆಸರು ಬರೆದುಬಿಡಿ.

ನಮ್ಮೂರ ಹೆಸರಿನದು ಬೇರೆಯೇ ತಲೆನೋವು. ಕಾಲೇಜು ರಿಜಿಸ್ಟರಲ್ಲಿ ಮನೆತನದ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಅದರ ಪೂರ್ಣ ರೂಪ. ಅರ್ಜಿಯಲ್ಲಿರುವ ಹೆಸರನ್ನೇ ಪತ್ರದಲ್ಲೂ ಬರೆಸಿ. ಲೆಟರ್‌ಹೆಡ್, ಸಹಿ, ತಾರೀಕು ಮರೆಯಬೇಡಿ. ಸೆಪ್ಟೆಂಬರ್ ಕೊನೆಗೆ ಪ್ರೋಗ್ರಾಮಿನವರು ಅರ್ಜಿ ತೆರೆದು ನೋಡಲು ಶುರುಮಾಡುತ್ತಾರೆ, ಪತ್ರಕ್ಕೆ ಜೂನ್‌ನಲ್ಲೇ ಕೇಳಿಡಿ.