ಚಿಕ್ಕಪ್ಪ ಕೇಳಿದ ಮೊದಲ ಕಂತು

10 ಏಪ್ರಿಲ್ 2024, ಬುಧವಾರ, ರಾತ್ರಿ

ಚಿಕ್ಕಪ್ಪನ ಬಲಗಣ್ಣಿನ ಪೊರೆ ತೆಗೆಸಿ ಇಂದಿಗೆ ಐದು ದಿನ. ಪತ್ರಿಕೆ ಇಲ್ಲ, ಟಿವಿ ಇಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಿನ ಪಥ್ಯ ಅವರದು. ಮಧ್ಯಾಹ್ನ ನಿನ್ನೆಯ ಒಬ್ಬಟ್ಟಿನ ಸಾರು ಉಂಡು ಕುರ್ಚಿಗೆ ಒರಗಿದವರು, "ಏನಾದರೂ ಕೇಳಿಸಮ್ಮ, ಈ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ" ಎಂದರು.

ಹಿಂದೆಮುಂದೆ ನೋಡದೆ 'ವುಲ್ಫ್ 359' ಎಂದುಬಿಟ್ಟೆ. ಆಮೇಲೆ ಅಳುಕು ಶುರುವಾಯಿತು. ಈ ಪಾಡ್‌ಕಾಸ್ಟ್ ನಾಟಕವನ್ನು ಕೇಳಿ ಎಂದು ಹಿಂದೆ ಇಬ್ಬರಿಗೆ ಹೇಳಿದ್ದೆ. ಇಬ್ಬರೂ ಮೂರ್ನಾಲ್ಕು ಕಂತು ಕೇಳಿ, ಬರೀ ತಮಾಷೆ ಎಂದು ಕೈಬಿಟ್ಟರು. ಅವರ ತಪ್ಪಲ್ಲ. ಆರಂಭ ಹಾಗೆಯೇ ಇದೆ. ಮೊದಲ ಸೀಸನ್ನಿನ ಕೊನೆಗೆ ಬಂದಾಗಲೇ ಕಾಲ ಕೆಳಗಿನ ನೆಲ ಜರುಗುತ್ತದೆ. ಹಾಗೆಂದು ಏನಾಗುತ್ತದೆ ಎಂಬುದನ್ನು ಮೊದಲೇ ಹೇಳಿದರೆ ಕೇಳುವ ಸುಖವನ್ನೇ ಕಸಿದುಕೊಂಡಂತೆ.

"ಕಥೆ ಏನು?"

"ಭೂಮಿಯಿಂದ ಸುಮಾರು ಎಂಟು ಜ್ಯೋತಿರ್ವರ್ಷ ದೂರದ ವುಲ್ಫ್ 359 ಎಂಬ ಕೆಂಪು ಕುಬ್ಜ ನಕ್ಷತ್ರ, ಚಿಕ್ಕಪ್ಪ. ಅದರ ಸುತ್ತ ಹೆಫೆಸ್ಟಸ್ ಎಂಬ ನಿಲ್ದಾಣ. ಒಳಗೆ ಮೂವರು ಮನುಷ್ಯರು, ಜೊತೆಗೆ ನಿಲ್ದಾಣವನ್ನು ನಡೆಸುವ ಹೆರಾ ಎಂಬ ಕೃತಕ ಬುದ್ಧಿಮತ್ತೆ. ಅವರಲ್ಲಿ ಐಫೆಲ್ ಎಂಬುವನ ಕೆಲಸ, ಎಲ್ಲಿಂದಲಾದರೂ ಸಂಕೇತ ಬರುತ್ತದೆಯೇ ಎಂದು ಕಿವಿಗೊಟ್ಟು ಕೂರುವುದು."

"ಸಂಬಳ ಕೊಟ್ಟು ಕೇಳಿಸಿಕೊಳ್ಳಲು ಕೂರಿಸಿದ್ದಾರೆ ಅನ್ನು. ನನ್ನ ಕೆಲಸವೇ."

ಮೂವತ್ತೆರಡು ವರ್ಷ ಪೊಲೀಸ್ ವೈರ್‌ಲೆಸ್‌ನಲ್ಲಿದ್ದವರು ಎಂಬುದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

ಅಮೆರಿಕದವರ ಇಂಗ್ಲಿಷ್ ಓಡುತ್ತದೆ ಎಂದು ವೇಗವನ್ನು ಸ್ವಲ್ಪ ಇಳಿಸಿದೆ. ಐಫೆಲ್ ತನ್ನ ದಿನಚರಿಯನ್ನು ಧ್ವನಿಮುದ್ರಿಸುತ್ತಾ ಗೊಣಗುವಾಗ ಚಿಕ್ಕಪ್ಪ ನಗಲಿಲ್ಲ, ತಲೆಯಾಡಿಸಿದರು. ಗರಗರ ಸದ್ದಿನ ಒಳಗಿನಿಂದ ಶಾಸ್ತ್ರೀಯ ಸಂಗೀತ ತೇಲಿ ಬಂದಾಗ ಕೈ ಎತ್ತಿ, "ನಿಲ್ಲಿಸು, ಹಿಂದಕ್ಕೆ ಹಾಕು" ಎಂದರು. ಮತ್ತೆ ಕೇಳುವಾಗ ಅವರ ಹೆಬ್ಬೆರಳೂ ತೋರುಬೆರಳೂ ಕುರ್ಚಿಯ ತೋಳಿನ ಮೇಲೆ ಇಲ್ಲದ ಗುಂಡಿಯೊಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದವು.

"ಈ ಗರಗರ ಸರಿಯಿಲ್ಲ. ನಿಜವಾದದ್ದು ಹೀಗೆ ಒಂದೇ ಸಮನೆ ಇರುವುದಿಲ್ಲ, ಉಸಿರಾಡಿದ ಹಾಗೆ ಏರಿ ಇಳಿಯುತ್ತದೆ. ಇರಲಿ, ಮುಂದೆ ಹಾಕು."

ಕಂತು ಮುಗಿದ ಮೇಲೆ ಐಫೆಲ್‌ಗೂ ಅದೇ ನಿಲ್ದಾಣದ ಡಾಕ್ಟರ್ ಹಿಲ್ಬರ್ಟ್‌ಗೂ ದನಿ ಕೊಟ್ಟವನು ಒಬ್ಬನೇ, ಝ್ಯಾಕ್ ವ್ಯಾಲೆಂಟಿ, ಎಂದೆ. ನಂಬಲಿಲ್ಲ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಹೆರಾ ನಡುನಡುವೆ ತೊದಲುತ್ತಾಳಲ್ಲ, ಅದು ಯಂತ್ರದ ದೋಷವೋ, ಅವಳಿಗೆ ಏನಾದರೂ ಆಗಿದೆಯೋ?"

ನಾನು ಉತ್ತರ ಕೊಡಲಿಲ್ಲ. ಒಂದೇ ಕಂತಿಗೆ ಅವರು 'ಅದು' ಬಿಟ್ಟು 'ಅವಳು' ಎಂದಿದ್ದರು. ನನಗೆ ಅಷ್ಟು ಸಾಕಿತ್ತು. ಇದನ್ನು ಯಾರಿಗಾದರೂ ಕೇಳಿಸಬೇಕು ಎಂದು ನನಗೆ ಅನ್ನಿಸುವುದೇ ಅವಳ ಸಲುವಾಗಿ. ಮುಖವಿಲ್ಲ, ಕೈಕಾಲಿಲ್ಲ, ಇರುವುದು ದನಿ ಮಾತ್ರ. ಕೇಳುವ ನಮಗಾದರೋ ಐಫೆಲ್, ಕಮಾಂಡರ್ ಮಿಂಕೌಸ್ಕಿ ಎಲ್ಲರೂ ಹಾಗೆಯೇ, ಬರೀ ದನಿ. ಪರದೆಯ ಮೇಲೆ ತೋರಿಸಿದ್ದರೆ ಅವಳೊಬ್ಬಳೇ ಹೊರಗಿನವಳಾಗಿಬಿಡುತ್ತಿದ್ದಳು.

ಒಟ್ಟು 61 ಕಂತುಗಳಿವೆ. ದಿನಕ್ಕೆ ಒಂದರಂತೆ ಕೇಳಿದರೂ ಅವರಿಗೆ ಹೊಸ ಕನ್ನಡಕ ಬಂದ ಮೇಲೂ ಉಳಿದಿರುತ್ತವೆ.

ಒಂಬತ್ತಕ್ಕೆ ಬಟ್ಟೆ ತೆಗೆಯಲು ತಾರಸಿಗೆ ಹೋದೆ. ನಿನ್ನೆಯಷ್ಟೇ ಯುಗಾದಿ, ಚಂದ್ರ ಆಗಲೇ ಮುಳುಗಿದ್ದ. ನೆತ್ತಿಯ ಮೇಲೆ ಮಖಾ ನಕ್ಷತ್ರ ಸ್ಪಷ್ಟವಾಗಿತ್ತು. ಅದಕ್ಕಿಂತ ತುಸು ಪೂರ್ವಕ್ಕೆ, ಅದೇ ಸಿಂಹ ರಾಶಿಯಲ್ಲಿ, ನಿಜವಾದ ವುಲ್ಫ್ 359 ಇದೆ. ಬರಿಗಣ್ಣಿಗೆ ಕಾಣುವುದೇ ಇಲ್ಲ, ಅಷ್ಟು ಮಂಕು. ಆದರೂ ಅಲ್ಲೇ ನೋಡುತ್ತಾ ನಿಂತೆ. ಈ ರಾತ್ರಿ ಇಲ್ಲಿಗೆ ತಲುಪುತ್ತಿರುವ ಅದರ ಬೆಳಕು 2016ರ ಮಧ್ಯಭಾಗದಲ್ಲಿ ಹೊರಟದ್ದು. ಆಗ ನಾಟಕ ಇನ್ನೂ ಮುಗಿದಿರಲಿಲ್ಲ. ಕೊನೆಯ ಕಂತು ಬಂದದ್ದು 2017ರ ಡಿಸೆಂಬರ್‌ನಲ್ಲಿ. ಆಗ ಚಿಕ್ಕಮ್ಮನೂ ಇದ್ದರು.

ಮುಂದಿನ ಕಂತುಗಳಲ್ಲಿ ಬರುವ ಸಾವುಗಳ ವಿಷಯ ಚಿಕ್ಕಪ್ಪನಿಗೆ ಮೊದಲೇ ಹೇಳಬೇಕೇ? ಇಷ್ಟು ಹೊತ್ತಿಗೆ ಮಲಗಿರುತ್ತಾರೆ ಎಂದುಕೊಂಡಿದ್ದೆ. ಈಗ ಬಾಗಿಲ ಸಂದಿನಿಂದ ಐಫೆಲ್‌ನ ದನಿ ಬರುತ್ತಿದೆ. ಎರಡನೆಯ ಕಂತಲ್ಲ, ಮೊದಲನೆಯದನ್ನೇ ಮತ್ತೆ ಹಾಕಿಕೊಂಡಿದ್ದಾರೆ, ಆ ಸಂಗೀತದ ಜಾಗಕ್ಕಾಗಿ.